ಎಣ್ಣೆಯ ವಯಸ್ಸು

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ
ಅಪ್ಪನ ಅಂಗಡಿ, ಮಾಚಯ್ಯ ಡ್ರೈ ಕ್ಲೀನರ್ಸ್.
'ಡ್ರೈ' ಮೇಲಿನ ಬಣ್ಣ ಹಾರಿ ಎಷ್ಟೋ ವರ್ಷವಾಯಿತು.
ನಾಲ್ಕು ದಿನ ರಜೆ ಹಾಕಿ ಬಂದವಳು
ಮನೆಗೂ ಮುಂಚೆ ಇಲ್ಲಿಗೇ ಬಂದೆ.

ಅಪ್ಪ ಗಾಜಿನ ಜಾಡಿಯನ್ನು ಬೆಳಕಿಗೆ ಹಿಡಿದಿದ್ದ.
ಮೂಸಿದ. ಎರಡು ಬೆರಳದ್ದಿ ಉಜ್ಜಿದ.
"ಈ ಟರ್ಪೆಂಟೈನಿಗೆ ವಯಸ್ಸಾಯ್ತು ಕಣವ್ವ.
ಕೊಳೆ ಹಿಡ್ಕೊತದೆ, ಬಿಡಾಕಿಲ್ಲ ಅಂತದೆ."

ನಗು ಬಂತು.
ಹನ್ನೊಂದು ವರ್ಷದಿಂದ ನಾನು ಬರೆಯುವ ವರದಿಗಳಲ್ಲಿ
ಇರುವುದೂ ಇಷ್ಟೇ,
ಇಂಗ್ಲಿಷಿನಲ್ಲಿ, ಮೂರು ಪ್ರತಿ, ಮೇಲೊಂದು ಮೊಹರು.

"ಅದೇನು ಕೆಲ್ಸವೋ ನಿಂದು, ಇವತ್ತಾದ್ರೂ ಹೇಳು" ಅಂದ.
ಬೈಟು ಟೀ ಬಂತು. ಹೇಳಿದೆ:

ರಿಯಾಕ್ಟರಿನಲ್ಲಿ ಉರಿದು ಮುಗಿದದ್ದನ್ನು ಆಸಿಡ್ಡಿನಲ್ಲಿ ಕರಗಿಸ್ತೀವಪ್ಪ.
ಅದರ ಜೊತೆ ಒಂದು ಎಣ್ಣೆ ಬೆರೆಸಿ ಕಲಕ್ತೀವಿ.
ಎಣ್ಣೆ ಯುರೇನಿಯಂ, ಪ್ಲುಟೋನಿಯಂ ಎರಡನ್ನೇ ಆರಿಸಿ ಎತ್ತಿಕೊಳ್ಳುತ್ತದೆ.
ಮುಂದಿನ ತೊಟ್ಟಿಯಲ್ಲಿ ಇಳಿಸಿ
ಬರಿಗೈಯಲ್ಲಿ ವಾಪಸು ಬರುತ್ತದೆ, ಮತ್ತೊಂದು ಸುತ್ತಿಗೆ.
ಅಜ್ಜಿ ಕರಿಗೇರು ಬೀಜದ ಮಸಿಯಲ್ಲಿ ಗುರುತು ಹಾಕಿ
ನಲವತ್ತು ಮನೆಯ ಬಟ್ಟೆ ಒಂದೇ ಗಂಟಲ್ಲಿ ಹೊತ್ತು ತಂದರೂ
ಒಬ್ಬರ ಪಂಚೆ ಇನ್ನೊಬ್ಬರಿಗೆ ಹೋಗುತ್ತಿರಲಿಲ್ಲವಲ್ಲ,
ಹಾಗೆ.

ಆದರೆ ಅಲ್ಲಿ ವಿಕಿರಣ.
ಆ ಎಣ್ಣೆಯ ಒಂದೊಂದು ಕಣಕ್ಕೂ ಮೂರು ತೋಳು.
ಸುತ್ತು ಹೋದ ಹಾಗೆ ಅಲ್ಲೊಂದು ಇಲ್ಲೊಂದು ತೋಳು ಮುರಿಯುತ್ತದೆ.
ವಿಚಿತ್ರ ನೋಡು,
ತೋಳು ಕಳೆದುಕೊಂಡದ್ದರ ಹಿಡಿತವೇ ಹೆಚ್ಚು ಬಿಗಿ.
ಎತ್ತಿಕೊಂಡದ್ದನ್ನು ಇಳಿಸಬೇಕಾದ ಕಡೆ ಇಳಿಸುವುದಿಲ್ಲ.
ನಾನು ಒಂದಿಷ್ಟನ್ನು ತಂದು ಆಸಿಡ್ಡಿನ ಜೊತೆ ಕುಲುಕಿ
ಸ್ಟಾಪ್‌ವಾಚ್ ಒತ್ತಿ ಕೂರುತ್ತೇನೆ.
ಹೊಸದಾದರೆ ಒಂದು ನಿಮಿಷದೊಳಗೆ
ಮೇಲಿನದು ಮೇಲೆ, ಕೆಳಗಿನದು ಕೆಳಗೆ.
ಹಳತು ತಡೆಯುತ್ತದೆ. ನಡುವೆ ಹಾಲಿನ ಕೆನೆಯಂಥ ಒಂದು ಪದರ,
ಅತ್ತಲೂ ಸೇರದ್ದು, ಇತ್ತಲೂ ಸೇರದ್ದು.

"ಆವಾಗ?"
"ಎಣ್ಣೆಯನ್ನೇ ತೊಳೀತೀವಿ."
"ಯಾತ್ರಲ್ಲಿ?"
"ಸೋಡಾದಲ್ಲಿ."
"ಯಾವ ಸೋಡಾ?"
"ಬಟ್ಟೆ ಸೋಡಾನೇ ಅಪ್ಪ. ಅದೇ."

ಅಪ್ಪ ತೊಡೆ ತಟ್ಟಿಕೊಂಡು ನಕ್ಕ, ಟೀ ಚೆಲ್ಲುವ ಹಾಗೆ.
"ಸರ್ಕಾರದ ಅಷ್ಟು ದೊಡ್ಡ ಕಾರ್ಖಾನೆ, ಕೊನೇಗೆ ಬಟ್ಟೆ ಸೋಡಾ!
ಕಸುಬು ಬಿಟ್ಟಿಲ್ಲ ಬಿಡು ನೀನು."

ಕಾಲೇಜಿನ ಅರ್ಜಿಯಲ್ಲಿ, ತಂದೆಯ ಉದ್ಯೋಗ ಅನ್ನುವ ಕಡೆ,
ನಾನು 'ವ್ಯಾಪಾರ' ಎಂದು ಬರೆದಿದ್ದೆ.
ಅದಕ್ಕೆ ಸಹಿ ಹಾಕಿದವನು ಅಪ್ಪ.
ಓದಿಯೇ ಹಾಕಿದ್ದ.

ಲೋಟ ಇಟ್ಟು ಕೇಳಿದ:
"ಸೋಡಾ ನೀರು? ಎಣ್ಣೆ ತೊಳೆದದ್ದು?"
"ತೊಟ್ಟಿಯಲ್ಲಿ ಇಡ್ತೀವಿ."
"ಆಮ್ಯಾಕೆ?"
"ಕಾಯಿಸಿ ಇಂಗಿಸಿ, ಸಿಮೆಂಟಿನಲ್ಲಿ ಕಟ್ಟಿ..."
"ಆಮ್ಯಾಕೆ?"

ಮಾರ್ಕೆಟ್ಟಿನಲ್ಲಿ ಯಾರೋ ಆಲೂಗಡ್ಡೆ ಮೂಟೆ ಧೊಪ್ಪೆಂದು ಇಳಿಸಿದರು.
ಅಪ್ಪ ಮತ್ತೆ ಕೇಳಲಿಲ್ಲ.
ಎದ್ದು ಅಂಗಡಿಯ ಹಿಂಬದಿಗೆ ಕರೆದೊಯ್ದ.

ಮೂಲೆಯಲ್ಲಿ ಒಂದು ಡಬ್ಬ. ನಾನು ಹೈಸ್ಕೂಲಿನಲ್ಲಿದ್ದಾಗಲೂ ಇತ್ತು.
ಹಳೇ ಎಣ್ಣೆ ತಳದಲ್ಲಿ ಬಿಟ್ಟ ಗಸಿಯನ್ನೆಲ್ಲ
ಅಪ್ಪ ಅದರಲ್ಲೇ ಹಾಕುತ್ತ ಬಂದಿದ್ದಾನೆ.
ಚರಂಡಿಗೆ ಸುರಿಯಲು ಮನಸ್ಸಿಲ್ಲ.
ನಗರಸಭೆಗೆ ಎರಡು ಅರ್ಜಿ ಕೊಟ್ಟ, ಅವರಿಗದು ಬೇಡ.
ಮುಚ್ಚಳದ ಮೇಲೆ ಅಜ್ಜಿಯ ಇದ್ದಿಲಿನ ಇಸ್ತ್ರಿಪೆಟ್ಟಿಗೆ,
ಹಿಡಿ ಕಿತ್ತುಹೋಗಿದೆ, ಭಾರ ಮಾತ್ರ ಹಾಗೇ ಇದೆ.

"ನಂದೂ ಇಷ್ಟೇ ಕಣವ್ವ" ಅಂದ.

ಮುಂದೆ ಗಿರಾಕಿ ಕೂಗಿದರು. ಮದುವೆಗೆ ಹೊಲಿಸಿದ ಕೋಟು,
ತೋಳಿನ ಮೇಲೆ ಅಂಗೈಯಗಲ ಅರಿಶಿನ.
ಅಪ್ಪ ಕನ್ನಡಕ ಏರಿಸಿ ಕಲೆಯನ್ನು ಉಗುರಿನಲ್ಲಿ ಕೆರೆದು,
"ಪೂರ್ತಿ ಹೋಗಲ್ಲ ಸಾರ್. ತೆಳುವಾಗ್ತದೆ" ಅಂದ.
ನಾನು ಚೀಟಿ ಹರಿದು ನಂಬರು ಬರೆದು
ಕಾಲರಿಗೆ ಪಿನ್ನು ಚುಚ್ಚಿದೆ.